ಹೊಳೆ ಇಳಿದ ಮೇಲೆ ನಮ್ಮ ಕೆಲಸ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಜಾವಕ್ಕೇ ರೊಟ್ಟಿ ಬಡಿದಿಟ್ಟು, ದನಕರುಗಳಿಗೆ ಮೇವು ಹಾಕಿ, ಬಿಸಿಲಿನಲ್ಲಿ ಎರಡೆರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ಆದ್ದರಿಂದ ಉದ್ದ ಪೀಠಿಕೆ ಹಾಕುವುದಿಲ್ಲ. ಮೊದಲು ಒಂದು ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಮನೆಯೊಳಗೆ ನೀರು ಹೊಕ್ಕವರು ಕೈ ಎತ್ತಿರಿ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈ ಮೇಲೆ ಬಂದವು. 2021ರ ಜುಲೈನಲ್ಲಿ? ಬಹಳಷ್ಟು ಅವೇ ಕೈಗಳು. 2005ರದ್ದು ನೆನಪಿದ್ದವರು? ಹಿಂದೆ ಕುಳಿತ ಹಿರಿಯರು ನಗುತ್ತಿದ್ದಾರೆ. "ಸಿಸ್ಟರ್, ಹೊಳಿ ನಮಗ ಬೀಗರಿದ್ದಾಂಗ. ಕರೀದಿದ್ರೂ ಬರ್ತೈತಿ, ಬಂದ್ರ ಲಗೂನ ಹೋಗಂಗಿಲ್ಲ" ಎಂದು ಒಬ್ಬ ಅಜ್ಜಿ ಈಗಷ್ಟೇ ಹೇಳಿದರು.

ನಮ್ಮ ಐದು ತಾಲೂಕುಗಳ ಹಣೆಬರಹವೇ ಹಾಗಿದೆ. ಇಲ್ಲಿ ಮಳೆ ಕಡಿಮೆ. ಆದರೆ ಮಹಾಬಳೇಶ್ವರದಲ್ಲಿ, ಕೊಲ್ಹಾಪುರದ ಘಟ್ಟದಲ್ಲಿ ಸುರಿದದ್ದೆಲ್ಲ ನಮ್ಮ ಅಂಗಳಕ್ಕೇ ಬರಬೇಕು. ವೇದಗಂಗಾ ಹೋಗಿ ದೂಧಗಂಗೆಯನ್ನು ಸೇರುತ್ತದೆ, ದೂಧಗಂಗಾ ಕೃಷ್ಣೆಯನ್ನು ಸೇರುತ್ತದೆ. ಅದಕ್ಕೂ ಮೇಲೆ ಕೊಯ್ನಾ, ವಾರಣಾ, ಪಂಚಗಂಗಾ ಕೂಡಿಕೊಂಡಿರುತ್ತವೆ. ಕೊಯ್ನಾ ಆಣೆಕಟ್ಟು ಒಂದರಲ್ಲೇ 105 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿ ಗೇಟು ಎತ್ತಿದರೆ ನಮ್ಮಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರುತ್ತದೆ. 2019ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು ಬಂದು ಪುಣೆ-ಬೆಂಗಳೂರು ರಸ್ತೆ ಬಂದ್ ಆಗಿತ್ತು. ಕುಡಚಿ-ಉಗಾರ ಸೇತುವೆ ಮುಳುಗಿತ್ತು, ಕಲ್ಲೋಳ-ಯಡೂರು ಸೇತುವೆ ಮುಳುಗಿತ್ತು. ನಿಮಗೆ ನಾನು ಹೇಳಬೇಕಾಗಿಲ್ಲ.

ಹೊಳೆ ಏರುವಾಗ ಏನು ಮಾಡಬೇಕು ಎಂದು ಹೇಳಲು ತಹಸೀಲ್ದಾರರಿದ್ದಾರೆ, ಪೊಲೀಸರಿದ್ದಾರೆ, ಬೋಟಿನವರು ಬರುತ್ತಾರೆ. ನಾನು ಇಂದು ಮಾತನಾಡಬೇಕೆಂದಿರುವುದು ಹೊಳೆ ಇಳಿದ ಮೇಲಿನ ಕೆಲಸದ ಬಗ್ಗೆ. ಅದು ಎಂಟು ದಿನದ ಕೆಲಸವಲ್ಲ. ಒಂದು ವರ್ಷ, ಕೆಲವು ಮನೆಗಳಿಗೆ ಮೂರು ವರ್ಷ. ಟಿವಿಯವರು ಹೋಗಿರುತ್ತಾರೆ, ಲಾರಿಗಳು ಹೋಗಿರುತ್ತವೆ. ಉಳಿಯುವವರು ನೀವು. ಹಾಗಾಗಿ ಊರಿನ ಸ್ವಯಂಸೇವಕರನ್ನು ಹೊಂದಿಸುವ ಕೆಲಸ ಸಂಘದ ಹೆಣ್ಣುಮಕ್ಕಳ ಕೈಯಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ತಪ್ಪು ಮಾಡಿ ಕಲಿತು ಹೇಳುತ್ತಿದ್ದೇನೆ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

2019ರಲ್ಲಿ ನೀರು ಇಳಿದು ರಸ್ತೆ ತೆರೆದಾಗ ದೂರದೂರದ ಊರುಗಳಿಂದ ಟೆಂಪೊ, ಲಾರಿಗಳು ಬಂದವು. ಒಳ್ಳೆಯ ಮನಸ್ಸಿನ ಜನ. ಆದರೆ ಟೆಂಪೊ ಎಲ್ಲಿ ನಿಲ್ಲುತ್ತದೆ? ಡಾಂಬರು ರಸ್ತೆಯ ಬದಿಗೆ. ಅಲ್ಲಿದ್ದ ಊರಿನಲ್ಲಿ ಒಂದೊಂದು ಮನೆಗೆ ಐದಾರು ಚಾದರ, ಡಬ್ಬಿಗಟ್ಟಲೆ ಬಿಸ್ಕಿಟ್ ಸಿಕ್ಕವು. ಎರಡು ಕಿಲೋಮೀಟರ್ ಒಳಗೆ ಕೆಸರು ದಾಟಿ ಹೋಗಬೇಕಾದ ತೋಟದ ಮನೆಗಳಿಗೆ ಏನೂ ಹೋಗಲಿಲ್ಲ. ಹಳೆಯ ಬಟ್ಟೆಯ ರಾಶಿ ಶಾಲೆಯ ಅಂಗಳದಲ್ಲಿ ತೊಯ್ದು ಕೊಳೆಯಿತು. ಅದನ್ನು ತೆಗೆದು ಹಾಕುವುದೇ ನಮಗೆ ಎರಡು ದಿನದ ಕೆಲಸವಾಯಿತು.

ಇದನ್ನೆಲ್ಲ ನೋಡಿ ನಾನು ಅಂದುಕೊಂಡೆ: ನಾವು ಹೀಗೆ ಮಾಡಬಾರದು, ಯಾದಿ ಮಾಡಿಯೇ ಹಂಚಬೇಕು. ಹೊಳೆದಂಡೆಯ ಒಂದು ಊರಿಗೆ 180 ದಿನಸಿ ಕಿಟ್ ಒಯ್ದೆವು. ಊರಿನ ಹೆಸರು ಬೇಡ. ಅಲ್ಲಿನ ಹಿರಿಯರೊಬ್ಬರು ಗುಡಿಯ ಕಟ್ಟೆಯ ಮೇಲೆ ಕುಳಿತು ಹೆಸರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಎರಡು ತಾಸಿನಲ್ಲಿ ಎಲ್ಲವೂ ಶಿಸ್ತಾಗಿ ಮುಗಿಯಿತು. ಸಹಿ, ಹೆಬ್ಬೆಟ್ಟು, ಫೋಟೊ. ನನಗೂ ಸಮಾಧಾನ. ಸಮಾಜಕಾರ್ಯದಲ್ಲಿ ಎಂ.ಎ. ಓದಿದವಳಲ್ಲವೇ, ಎಲ್ಲ ಕ್ರಮಬದ್ಧವಾಯಿತು ಎಂದುಕೊಂಡೆ. ವಾಪಸು ಹೊರಟಾಗ ಊರ ಹೊರಗೆ ಒಬ್ಬ ತಾಯಿ ಜೀಪಿನ ಮುಂದೆ ನಿಂತಳು. ಸೊಂಟದ ಮೇಲೆ ಕೂಸು. ಜಗಳ ಮಾಡಲಿಲ್ಲ, ಕೂಗಾಡಲಿಲ್ಲ. "ಸಿಸ್ಟರ್, ನಮ್ಮ ಓಣಿ ನಿಮ್ಮ ಬುಕ್ಕಿನ್ಯಾಗ ಇಲ್ಲೇನ್ರಿ? ಹೊಳಿ ನಮ್ಮನ್ನ ಬಿಡಲಿಲ್ಲ, ನೀವ್ಯಾಕ ಬಿಟ್ರಿ?" ಅಂದಳು.

ಇಳಿದು ಅವಳ ಹಿಂದೆ ಹೋದೆ. ಕಬ್ಬಿನ ಗದ್ದೆಯ ಆಚೆ, ಹೊಳೆಗೆ ಇನ್ನೂ ಹತ್ತಿರ, 22 ಮನೆಗಳಿದ್ದವು. ಕಬ್ಬು ಕಡಿಯುವವರು, ಇನ್ನೊಬ್ಬರ ತೋಟದಲ್ಲಿ ಇರುವವರು, ಬಾಡಿಗೆಯವರು. ಊರಿಗಿಂತ ಮೊದಲು ಮುಳುಗಿದ ಮನೆಗಳು ಅವೇ. ಆ ಹಿರಿಯರು ಬೇಕೆಂದೇ ಬಿಟ್ಟರು ಎಂದು ನಾನು ಹೇಳಲಾರೆ. ಗುಡಿಯ ಕಟ್ಟೆಯ ಮೇಲೆ ಕುಳಿತವರ ಕಣ್ಣಿಗೆ ಕಾಣುವಷ್ಟೇ ಊರು ಅವರ ಊರು. ತಪ್ಪು ನನ್ನದು. ಒಬ್ಬರ ಬಾಯಿಂದ ಊರನ್ನು ಬರೆದುಕೊಂಡೆ. ಜೀಪಿನಲ್ಲಿ ಒಂದು ಕಿಟ್ಟೂ ಉಳಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅದೇ ಊರಿಗೆ ಹೋಗಿ ಸಂಘದ ಇಬ್ಬರು ಹೆಣ್ಣುಮಕ್ಕಳನ್ನು, ಜೀಪು ನಿಲ್ಲಿಸಿದ ಆ ತಾಯಿಯನ್ನು, ಅಂಗನವಾಡಿ ಸಹಾಯಕಿಯನ್ನು ಕೂರಿಸಿದೆ. ಗಟಾರಕ್ಕೆ ಹಾಕಲು ಪಂಚಾಯತಿಯವರು ತಂದಿದ್ದ ಸುಣ್ಣದ ಪುಡಿ ಇತ್ತು. ಅದರಿಂದಲೇ ಶಾಲೆಯ ಕಟ್ಟೆಯ ಮೇಲೆ ಓಣಿ ಓಣಿ ಬರೆದರು. ಬಸುರಿ ಬಾಣಂತಿ ಇದ್ದ ಮನೆಗೆ ಒಂದು ಹರಳು, ಒಂಟಿ ಮುದುಕರ ಮನೆಗೆ ನಾಲ್ಕು ಕಾಳು ಜೋಳ, ಎಮ್ಮೆ ಆಕಳು ಹೋದ ಮನೆಗೆ ಒಂದು ಎಲೆ. ಒಂದು ತಾಸಿನಲ್ಲಿ ಇಡೀ ಊರು ನಮ್ಮ ಕಣ್ಣ ಮುಂದೆ ಬಿತ್ತು. 22ರ ಜೊತೆಗೆ ಇನ್ನೂ ಐದು ತೋಟದ ಮನೆಗಳು ಹೊರಬಂದವು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕ ಇದ್ದಾನೆ, ಮಗ ಸೊಸೆ ದುಡಿಯಲು ಹೋದವರು ಮಹಾಪೂರದಿಂದಾಗಿ ಆಚೆ ದಂಡೆಯಲ್ಲೇ ಸಿಕ್ಕಿಕೊಂಡಿದ್ದಾರೆ ಎನ್ನುವುದೂ ಅಲ್ಲೇ ಗೊತ್ತಾಯಿತು. ನಾನು ಎಷ್ಟೇ ಓದಿದ್ದರೂ ಆ ಮುದುಕನ ವಿಷಯ ನನಗೆ ಹೇಗೆ ಗೊತ್ತಾಗಬೇಕು?

ಸಹೋದರಿಯರೇ, ಸಂಘ ಎಂದರೆ ಬರೀ ಉಳಿತಾಯ ಮತ್ತು ಸಾಲ ಎಂದು ತಿಳಿಯಬೇಡಿ. ವಾರಕ್ಕೊಮ್ಮೆ ಕೂಡುವುದು, ಹಾಜರಿ ಹಾಕುವುದು, ಹಣ ಎಣಿಸಿ ಎಲ್ಲರ ಮುಂದೆ ಓದುವುದು, ಇಬ್ಬರು ಸಹಿ ಮಾಡುವುದು, ತಪ್ಪಿಸಿದವರ ಮನೆಗೆ ಹೋಗಿ "ಯಾಕ ಬರಲಿಲ್ಲವಾ" ಎಂದು ಕೇಳುವುದು, ಇವೆಲ್ಲ ನಿಮಗೆ ರೂಢಿಯಾಗಿವೆ. ಮಹಾಪೂರದ ನಂತರ ಬೇಕಾಗುವುದು ಬಹುತೇಕ ಇದೇ ರೂಢಿ. ಹೊರಗಿನಿಂದ ಬಂದ ದೊಡ್ಡ ಸಂಸ್ಥೆಯವರು ತಿಂಗಳುಗಟ್ಟಲೆ ತರಬೇತಿ ಕೊಟ್ಟು ಕಲಿಸುವುದನ್ನು ನೀವು ವರ್ಷಗಳಿಂದ ಮಾಡುತ್ತಾ ಬಂದಿದ್ದೀರಿ.

ಆದರೆ ಹೊಗಳಿಕೆ ಇಲ್ಲಿಗೇ ನಿಲ್ಲಿಸುತ್ತೇನೆ. ಕಹಿ ಮಾತೂ ಹೇಳಬೇಕಲ್ಲ. ಸಂಘದಲ್ಲಿ ಯಾರಿದ್ದಾರೆ? ವಾರಕ್ಕೆ ಹಣ ಕಟ್ಟಬಲ್ಲವರು. ಕಟ್ಟಲಾಗದ ಅತಿ ಬಡವರು ಸಂಘದ ಹೊರಗೇ ಇರುತ್ತಾರೆ. ಕಬ್ಬಿನ ಗ್ಯಾಂಗಿನ ಜೊತೆ ಊರೂರು ತಿರುಗುವವರು ಯಾವ ಸಂಘದಲ್ಲಿಯೂ ಇರುವುದಿಲ್ಲ. ಸಂಘದ ಯಾದಿಯನ್ನೇ ಊರಿನ ಯಾದಿ ಎಂದುಕೊಂಡರೆ ನಾವೂ ಗುಡಿಯ ಕಟ್ಟೆಯ ಮೇಲೆ ಕುಳಿತಂತೆಯೇ. "ನಮ್ಮ ಸಂಘದವರಿಗೆ ಮೊದಲು" ಎಂಬ ಮಾತು 2019ರಲ್ಲಿ ನನ್ನ ಕಿವಿಗೂ ಬಿದ್ದಿದೆ. ಅಂದವರು ಈ ಸಭೆಯಲ್ಲೂ ಇರಬಹುದು, ನಾನು ಆ ಕಡೆ ನೋಡುವುದಿಲ್ಲ. ಅದಕ್ಕೇ ಹೇಳುವುದು, ಪ್ರತಿ ಓಣಿಯ ಹೆಸರನ್ನು ಆ ಓಣಿಯವರೇ ಬರೆಸಬೇಕು. ಆಮೇಲೆ ಪಕ್ಕದ ಓಣಿಯವರ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು. ಗಟ್ಟಿಯಾಗಿ ಓದಿದಾಗ ಸುಳ್ಳು ಹೆಸರು ತಾನಾಗಿ ಉದುರುತ್ತದೆ, ಬಿಟ್ಟುಹೋದ ಹೆಸರು ಯಾರಾದರೊಬ್ಬರ ಬಾಯಿಗೆ ಬರುತ್ತದೆ.

ಇನ್ನು ಕೆಲಸ ಹಂಚಿಕೊಳ್ಳುವ ವಿಷಯ. ನಮ್ಮ ಹೆಣ್ಣುಮಕ್ಕಳಲ್ಲಿ ಒಂದು ಗುಣವಿದೆ, ಎಲ್ಲವನ್ನೂ ತಾನೇ ಮಾಡಬೇಕು. ಒಂದು ಸಂಘದ ಅಧ್ಯಕ್ಷೆ 2019ರಲ್ಲಿ ಬೆಳಿಗ್ಗೆ ಅಡುಗೆಗೆ ನಿಂತಳು, ಮಧ್ಯಾಹ್ನ ಹಂಚಲು ನಿಂತಳು, ರಾತ್ರಿ ಲೆಕ್ಕ ಬರೆದಳು. ಅವಳ ಸ್ವಂತ ಮನೆಯ ಹಿಂದಿನ ಗೋಡೆ ಬಿದ್ದಿತ್ತು, ನೋಡಲು ಹೋಗಿರಲಿಲ್ಲ. ಒಂಬತ್ತನೆಯ ದಿನ ಜ್ವರ ಬಂದು ಮಲಗಿದಳು. ಸಾಮಾನು ಇಟ್ಟ ಕೋಣೆಯ ಕೀಲಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಯಾರಿಗೆ ಕೊಟ್ಟಾಗಿದೆ, ಯಾರಿಗೆ ಇಲ್ಲ ಎನ್ನುವುದು ಅವಳ ತಲೆಯಲ್ಲೇ ಉಳಿದಿತ್ತು. ಅಂದು ಊರಿನಲ್ಲಿ ದೊಡ್ಡ ಜಗಳವೇ ಆಯಿತು. ತಿಂದವಳು ಎಂಬ ಮಾತೂ ಬಂತು ಅವಳ ಮೇಲೆ. ಒಂದು ಕಾಳು ಮನೆಗೆ ಒಯ್ದಿರದವಳು.

ಆ ಮೇಲೆ ನಾವು ಮಾಡಿಕೊಂಡ ನಿಯಮ ಸರಳ. ಬಂದ ಸಾಮಾನು ಎಣಿಸಿ ಇಳಿಸಿಕೊಳ್ಳುವವಳು ಬೇರೆ, ಬುಕ್ಕು ಬರೆಯುವವಳು ಬೇರೆ, ಮನೆಗೆ ಮುಟ್ಟಿಸುವವರು ಬೇರೆ. ಕೀಲಿ ಎರಡು, ಇಬ್ಬರ ಹತ್ತಿರ. ಸಂಜೆ ಅರ್ಧ ತಾಸು ಕುಳಿತು ಇಂದು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಗೋಡೆಗೆ ಒಂದು ಹಾಳೆ ಅಂಟಿಸುವುದು. ಗೋಡೆಯ ಮೇಲೆ ಲೆಕ್ಕ ಕಂಡರೆ ಗುಸುಗುಸು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ. ಮತ್ತು ಬಹಳ ಮುಖ್ಯ, ಸ್ವಯಂಸೇವಕಿಯ ಮನೆಗೂ ನೀರು ಹೊಕ್ಕಿರುತ್ತದೆ. ಅವಳಿಗೆ ಮೊದಲ ಮೂರು ದಿನ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಎಲ್ಲರೂ ಸೇರಿ ಅವಳ ಮನೆಯ ಕೆಸರು ತೆಗೆಯಿರಿ. ಆಮೇಲೆ ನೋಡಿ, ಅವಳು ಮೂರು ತಿಂಗಳು ನಿಮ್ಮ ಜೊತೆ ನಿಲ್ಲುತ್ತಾಳೆ.

ಹಂಚುವಾಗ ಸಾಲು ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಸಾಲಿನಲ್ಲಿ ಗಟ್ಟಿ ಇದ್ದವರು ಮುಂದೆ, ಬಾಣಂತಿ ಹಿಂದೆ. ನಿನ್ನೆ ಮೊನ್ನೆಯವರೆಗೆ ಮಂದಿಗೆ ಊಟ ಹಾಕಿದ ಮನೆಯ ಹೆಣ್ಣುಮಗಳು ಸೆರಗು ಮುಖಕ್ಕೆ ಹಿಡಿದು ನಿಲ್ಲುವುದನ್ನು ನೋಡಿದ್ದೇನೆ. ಚೀಟಿ ಕೊಟ್ಟು, ಓಣಿಗೆ ಒಂದು ಹೊತ್ತು ಹೇಳಿ, ಆದಷ್ಟು ಮನೆಬಾಗಿಲಿಗೇ ಮುಟ್ಟಿಸಿರಿ. ಇನ್ನೊಂದು, ಕಿಟ್ಟಿನಲ್ಲಿ ಏನಿರಬೇಕು ಎಂದು ಹೆಣ್ಣುಮಕ್ಕಳನ್ನು ಕೇಳಿದವರೇ ಕಡಿಮೆ. ಅಕ್ಕಿ, ಬೇಳೆ, ಎಣ್ಣೆ ಎಲ್ಲರೂ ತರುತ್ತಾರೆ. ಒಳಬಟ್ಟೆ, ತಿಂಗಳ ಪ್ಯಾಡು, ಬೆಂಕಿಪೊಟ್ಟಣ, ರೊಟ್ಟಿಯ ಹಂಚು, ಬಕೆಟ್ಟು, ಇವನ್ನು ನಾವೇ ಬಾಯಿಬಿಟ್ಟು ಕೇಳಬೇಕು. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಚೆನ್ನಾಗಿದೆ. ಅಲ್ಲಿಯೂ ರಾತ್ರಿ ಶೌಚಾಲಯದ ದಾರಿಗೆ ದೀಪ ಇದೆಯೇ ಎಂದು ನೋಡುವ ಒಬ್ಬ ಹೆಣ್ಣುಮಗಳು ಬೇಕು.

ಹೊರಗಿನಿಂದ ಬರುವ ಸ್ವಯಂಸೇವಕರ ಬಗ್ಗೆ ಎರಡು ಮಾತು. ಕಾಲೇಜಿನ ಹುಡುಗರು, ಯುವಕ ಮಂಡಳಗಳು ಬರುತ್ತವೆ. ಅವರನ್ನು ದೂರ ಮಾಡಬೇಡಿ, ತೋಳಿನಲ್ಲಿ ಶಕ್ತಿ ಇರುತ್ತದೆ. ಆದರೆ ಅವರಿಗೆ ಊರು ಗೊತ್ತಿಲ್ಲ. ಪ್ರತಿ ತಂಡದ ಜೊತೆ ಊರಿನ ಒಬ್ಬ ಹೆಣ್ಣುಮಗಳು ಇರಲೇಬೇಕು. ಯಾಕೆ ಎಂದು ಒಂದು ಘಟನೆ ಹೇಳುತ್ತೇನೆ. ಒಂದು ಮನೆಯಲ್ಲಿ ಕೆಸರು ತೆಗೆಯುತ್ತಿದ್ದ ಹುಡುಗರು ತೊಯ್ದು ಮುದ್ದೆಯಾದ ಟ್ರಂಕಿನ ಕಾಗದಗಳನ್ನು ಕಸವೆಂದು ತಿಪ್ಪೆಗೆ ಹಾಕಿದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಅದರಲ್ಲಿ ಮನೆಯ ಉತಾರ, ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಗಳ ಮಾರ್ಕ್ಸ್ ಕಾರ್ಡು ಇದ್ದವು. ಆ ತಾಯಿ ತಿಪ್ಪೆ ಕೆದರಿದ್ದು ನನ್ನ ಕಣ್ಣ ಮುಂದೆ ಇದೆ. ಮನೆಯ ಹೆಣ್ಣುಮಗಳು ನೋಡದೆ ಒಂದು ಸಾಮಾನೂ ಹೊರಗೆ ಹೋಗಬಾರದು. ತೊಯ್ದ ಕಾಗದವನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಿನಲ್ಲಿ ಹಗ್ಗ ಕಟ್ಟಿ, ಗಾಳಿಗೆ ನಿಧಾನ ಒಣಗಿಸಿರಿ. 2019ರಲ್ಲಿ ಒಂದು ಊರಿನ ಎಲ್ಲ ಸಂಘಗಳ ಪಾಸ್‌ಬುಕ್ಕುಗಳು ಶಾಲೆಯ ಪಡಸಾಲೆಯಲ್ಲಿ ಹಗ್ಗದ ಮೇಲೆ ಹಪ್ಪಳದ ಹಾಗೆ ತೂಗಾಡಿದವು!

ಕೆಸರಿಗೆ ಇಳಿಯುವವರ ಕಾಲಲ್ಲಿ ಬೂಟು ಇರಲಿ. ಕಾಲಿಗೆ ಗಾಯ ಇದ್ದವರು ಕೆಸರಿಗೆ ಇಳಿಯುವುದು ಬೇಡ, ಇಲಿ ಜ್ವರ ಗಾಯದ ಮೂಲಕವೇ ಒಳಗೆ ಹೋಗುತ್ತದೆ. ಅಂಥವರು ಬುಕ್ಕು ಬರೆಯಲಿ. ಕಟ್ಟಿಗೆ ರಾಶಿಯಲ್ಲಿ, ಮೂಲೆಯಲ್ಲಿ ಹಾವು ಕುಳಿತಿರುತ್ತವೆ, ಕೋಲಿನಿಂದ ಸಪ್ಪಳ ಮಾಡಿಯೇ ಕೈ ಹಾಕಬೇಕು. ಮೇನ್ ಸ್ವಿಚ್ ಯಾರೂ ಹಾಕಬೇಡಿ, ಹೆಸ್ಕಾಂನವರು ನೋಡಿದ ಮೇಲೆಯೇ. ಅವರ ನಂಬರು 1912. ಬಾವಿ, ಬೋರಿನ ನೀರಿಗೆ ಎಷ್ಟು ಬ್ಲೀಚಿಂಗ್ ಹಾಕಬೇಕು ಎಂದು ಆಶಾ ಕಾರ್ಯಕರ್ತೆಯನ್ನೇ ಕೇಳಿರಿ, ಅಂದಾಜಿನ ಮೇಲೆ ಹಾಕಬೇಡಿ. ಅಲ್ಲಿಯವರೆಗೆ ಕುದಿಸಿದ ನೀರು.

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮನೆಯ ಪರಿಹಾರ. ಇದರಲ್ಲಿ ಸ್ವಯಂಸೇವಕರ ಕೆಲಸ ಏನು ಎಂದು ಬಹಳ ಜನರಿಗೆ ತಿಳಿದಿಲ್ಲ.

2019ರಲ್ಲಿ ಸರ್ಕಾರ ನೀರು ಹೊಕ್ಕ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ, ಅಂದರೆ 'ಎ' ವರ್ಗಕ್ಕೆ 5 ಲಕ್ಷ, ಅಲ್ಪಸ್ವಲ್ಪ ಕೆಟ್ಟ 'ಸಿ' ವರ್ಗಕ್ಕೆ 50 ಸಾವಿರ ಎಂದು ಮಾಡಿತು. ನೋಡಿ, 'ಎ'ಗೂ 'ಸಿ'ಗೂ ಎಷ್ಟು ಅಂತರ! ಒಂದು ಅಕ್ಷರದಲ್ಲಿ ನಾಲ್ಕೂವರೆ ಲಕ್ಷ. ಆ ಅಕ್ಷರ ಬರೆಯುವುದು ಪಂಚನಾಮೆಯ ದಿನ. ಅಂದು ನೀವು ಕಾಳಜಿ ಕೇಂದ್ರದಲ್ಲಿದ್ದರೆ, ಮನೆಗೆ ಕೀಲಿ ಇದ್ದರೆ, ಏನಾಗುತ್ತದೆ? ಹೊರಗಿನಿಂದ ಗೋಡೆ ನಿಂತದ್ದು ಕಾಣುತ್ತದೆ, ಒಳಗಿನ ಬಿರುಕು ಕಾಣುವುದಿಲ್ಲ.

ನಮ್ಮ ಕಡೆ ಮಣ್ಣಿನ ಗೋಡೆಗಳು ಬಹಳ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳುವುದಕ್ಕಿಂತ ನೀರು ಇಳಿದು ಒಣಗುವಾಗ ಬೀಳುವುದೇ ಹೆಚ್ಚು. ನೀವೇ ಕಂಡಿದ್ದೀರಿ. ಸರ್ವೆ ಮುಗಿದು ಹತ್ತು ಹದಿನೈದು ದಿನಕ್ಕೆ ನಡುರಾತ್ರಿ ಧೊಪ್ಪೆಂದು ಬೀಳುತ್ತದೆ. ಜೀವಕ್ಕೂ ಅಪಾಯ, ಕಾಗದದಲ್ಲಿ ಮಾತ್ರ ಮನೆ ಗಟ್ಟಿ ಇದೆ! ಅದಕ್ಕೆ ಓಣಿಗೆ ಇಬ್ಬರು ಸ್ವಯಂಸೇವಕಿಯರು ಎರಡು ಸಲ ತಿರುಗಬೇಕು. ನೀರು ಇಳಿದ ಕೂಡಲೇ ಒಂದು ಸಲ, ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಎರಡೂ ಸಲ ಮೊಬೈಲಿನಲ್ಲಿ ನಾಲ್ಕೂ ಗೋಡೆಯ ಫೋಟೊ, ಮನೆಯ ಹೆಣ್ಣುಮಗಳು ಜೊತೆಗೆ ನಿಂತಿರುವ ಹಾಗೆ. ಬಿರುಕು ಬಿಟ್ಟ ಮನೆಯಲ್ಲಿ ಯಾರೂ ಮಲಗದಂತೆ ನೋಡಿಕೊಳ್ಳುವುದೂ ಅವರದ್ದೇ ಕೆಲಸ. ಆಮೇಲೆ ಬಿದ್ದ ಮನೆಗೆ ಕೂಡಲೇ ಅರ್ಜಿ ಬರೆದು ತಲಾಟಿಯವರಿಗೆ ಮತ್ತು ತಹಸೀಲ್ದಾರ ಕಚೇರಿಗೆ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಬೇಕು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಉತಾರ ಮಾವನ ಹೆಸರಿನಲ್ಲಿ, ಮಾವ ತೀರಿಕೊಂಡು ಇಪ್ಪತ್ತು ವರ್ಷ. ಗಂಡನೂ ಇಲ್ಲ. ಮೈದುನ ಊರಲ್ಲಿಲ್ಲ. ಅಂಥ ಒಬ್ಬ ವಿಧವೆಯ ಅರ್ಜಿ ಹಿಡಿದು ನಾವು ಹನ್ನೊಂದು ಸಲ ಕಚೇರಿಗೆ ಹೋದೆವು. ಕಚೇರಿಯವರನ್ನು ದೂರುವುದಿಲ್ಲ, ಅವರ ಮೇಜಿನ ಮೇಲೆ ಅಂದು ಅರ್ಜಿಗಳ ಗುಡ್ಡವೇ ಇತ್ತು. ಆದರೆ ಅವಳು ಒಬ್ಬಳೇ ಆಗಿದ್ದರೆ ಎರಡನೇ ಸಲಕ್ಕೇ ಕೈಬಿಡುತ್ತಿದ್ದಳು. ದಿನಗೂಲಿ ಬಿಟ್ಟು ಎಷ್ಟು ಸಲ ಬಂದಾಳು? ಸಂಘದವರು ಪಾಳಿ ಹಾಕಿಕೊಂಡು, ಒಬ್ಬೊಬ್ಬರು ಒಂದೊಂದು ಸಲ ಅವಳ ಜೊತೆ ಹೋದರು. ಇದೂ ಸ್ವಯಂಸೇವೆಯೇ. ಬಸ್ ಚಾರ್ಜು ಸಂಘದ ಖರ್ಚಿನಲ್ಲಿ ಬರೆಯಿರಿ, ಆದರೆ ಅರ್ಜಿದಾರಳಿಂದ ಒಂದು ಚಹಾ ಕೂಡ ಕುಡಿಯಬೇಡಿ. ಹಣ ಮಂಜೂರಾದ ಮೇಲೂ ನಿಮ್ಮ ಕೆಲಸ ಮುಗಿಯುವುದಿಲ್ಲ. ಅದು ಒಂದೇ ಸಲಕ್ಕೆ ಬರುವುದಿಲ್ಲ. ಬುನಾದಿ, ಗೋಡೆ, ಛಾವಣಿ ಹೀಗೆ ಹಂತ ಹಂತವಾಗಿ, ಫೋಟೊ ಏರಿಸಿದ ಮೇಲೆ ಬರುತ್ತದೆ. ಮೊದಲ ಕಂತು ಆಸ್ಪತ್ರೆಗೋ, ಸಾಲಕ್ಕೋ ಹೋಗಿ ಬುನಾದಿಯಲ್ಲೇ ನಿಂತ ಮನೆಗಳು ನಮ್ಮಲ್ಲಿವೆ. ಅಂಥ ಮನೆಗೆ ನಾಲ್ಕು ಆಳಿನ ಮುಯ್ಯಿ ಕೆಲಸ ಸಿಕ್ಕಿದ್ದರೆ ಅದು ಮುಂದೆ ಹೋಗುತ್ತಿತ್ತು.

ಇದೆಲ್ಲ ಹೆಂಗಸರಿಂದ ಆಗುತ್ತದೆಯೇ ಎಂದು ಕೇಳುವವರಿಗೆ ಲಾತೂರಿನ ಕಥೆ ಹೇಳಿರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪವಾಯಿತಲ್ಲ, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಆ ನಂತರ ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಹಳ್ಳಿಗಳ ಮನೆ ರಿಪೇರಿ ಮಾಡುವ ಕೆಲಸದಲ್ಲಿ, ಪ್ರೇಮಾ ಗೋಪಾಲನ್ ಅವರ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆಯವರು ಊರಿನ ಮಹಿಳಾ ಮಂಡಳದ ಹೆಣ್ಣುಮಕ್ಕಳನ್ನೇ 'ಸಂವಾದ ಸಹಾಯಕ'ರನ್ನಾಗಿ ಮಾಡಿದರು. ಸರ್ಕಾರದ ಮಾತನ್ನು ಮನೆಗೆ, ಮನೆಯ ಮಾತನ್ನು ಇಂಜಿನಿಯರರಿಗೆ ಮುಟ್ಟಿಸುವುದು ಅವರ ಕೆಲಸ. ಕಲ್ಲುಗೋಡೆಗೆ ಹೇಗೆ ಕಟ್ಟು ಹಾಕಿದರೆ ಗಟ್ಟಿಯಾಗುತ್ತದೆ ಎನ್ನುವುದನ್ನೂ ಅವರು ಕಲಿತರು. 2001ರಲ್ಲಿ ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ ಅದೇ ಲಾತೂರಿನ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ತಾವು ಕಲಿತದ್ದನ್ನು ಹೇಳಿಕೊಟ್ಟರು. ನಮ್ಮಂತೆಯೇ ಜೋಳದ ರೊಟ್ಟಿ ತಿನ್ನುವ ಜನ ಅವರು, ಬೇರೆ ಲೋಕದವರಲ್ಲ.

ಸಾಲದ ಮಾತು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. ಮಹಾಪೂರದ ವಾರವೂ ಕಂತು ಕಂತೇ. ಮನೆ ಬಿದ್ದವಳ ಹೊಸ್ತಿಲಿಗೆ ಬಂದು ಕುಳಿತ ವಸೂಲಿಯವರನ್ನು ನಾವೆಲ್ಲ ಕಂಡಿದ್ದೇವೆ. ಮಹಾಪೂರ, ಭೂಕಂಪದಂಥ ವಿಪತ್ತಿನಲ್ಲಿ ಬ್ಯಾಂಕುಗಳು ಸಾಲದ ಅವಧಿ ಮುಂದೂಡಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ ಇದೆ. ಆದರೆ ಅದು ಕೇಳಿದವರಿಗೆ. ಒಬ್ಬೊಬ್ಬರೇ ಕೇಳಿದರೆ ನಡೆಯದು, ಸಂಘದ ಠರಾವು ಬರೆದು, ಊರಿನ ಎಲ್ಲ ಸಂಘಗಳು ಒಟ್ಟಾಗಿ ಮ್ಯಾನೇಜರರನ್ನು ಕಾಣಬೇಕು. ಅದಕ್ಕಾಗಿ ಕಾಳಜಿ ಕೇಂದ್ರದಲ್ಲಿದ್ದರೂ ವಾರದ ಸಭೆ ನಿಲ್ಲಿಸಬೇಡಿ. ಹಣ ಕಟ್ಟಲಾಗದಿದ್ದರೆ ಶೂನ್ಯ ಎಂದು ಬರೆಯಿರಿ, ಹಾಜರಿ ಮಾತ್ರ ಹಾಕಿರಿ. ಕೇರಳದಲ್ಲಿ 2018ರ ಆಗಸ್ಟ್‌ನ ಪ್ರಳಯದ ನಂತರ ಕುಟುಂಬಶ್ರೀ ಹೆಣ್ಣುಮಕ್ಕಳು ಓಣಿ ಓಣಿಗೆ ಹೋಗಿ ಮನೆಗಳ ಕೆಸರು ತೊಳೆದರು. ಆಮೇಲೆ ಅಲ್ಲಿನ ಸರ್ಕಾರ ಬಡ್ಡಿಯನ್ನು ತಾನು ಹೊತ್ತು ಒಂದು ಲಕ್ಷದವರೆಗಿನ ಸಾಲವನ್ನು ಅದೇ ಕುಟುಂಬಶ್ರೀ ಗುಂಪುಗಳ ಮೂಲಕ ಕೊಟ್ಟಿತು. ಗುಂಪು ಜೀವಂತ ಇದ್ದುದರಿಂದ ತಾನೇ ಅದು ಸಾಧ್ಯವಾದದ್ದು?

2021ರಲ್ಲಿ ಕೊರೊನಾ ಕಾಲ. ಹೊರಗಿನಿಂದ ಲಾರಿ, ಟೆಂಪೊ ಬಹಳ ಬರಲಿಲ್ಲ. ವಿಚಿತ್ರವೆಂದರೆ ನಾನು ಕಂಡ ಕೆಲವು ಊರುಗಳಲ್ಲಿ ಆ ವರ್ಷವೇ ಕೆಲಸ ಚೆನ್ನಾಗಿ ನಡೆಯಿತು. ಸಾಮಾನು ಕಡಿಮೆ ಇತ್ತು, ಆದರೆ ಯಾರಿಗೆ ಮೊದಲು ಎಂಬುದು ಗೊತ್ತಿತ್ತು. ಸುಣ್ಣದ ನಕ್ಷೆ ಬರೆದ ಆ ಊರಿನಲ್ಲಿ ಹೊಳೆ ಏರುವ ಮೊದಲೇ ಹಾಸಿಗೆ ಹಿಡಿದ ಮುದುಕನನ್ನು ಹೊತ್ತು ತಂದಿದ್ದರು. ಮೂರನೆಯ ತಿಂಗಳಿಗೆ ಎಲ್ಲರೂ ದಣಿಯುತ್ತಾರೆ ಎಂಬುದೂ ಅಷ್ಟೇ ನಿಜ. ಆಗ ಹೊಸಬರನ್ನು ಒಳಗೆ ತರಬೇಕು. ಅದರಲ್ಲೂ ಸಹಾಯ ಪಡೆದ ಮನೆಯವರನ್ನು. ಕಿಟ್ ತೆಗೆದುಕೊಂಡವಳು ಕಿಟ್ ಹಂಚಲು ನಿಂತಾಗ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ.

ಅಂದು ಜೀಪು ನಿಲ್ಲಿಸಿದ ಆ ತಾಯಿ ಈಗ ಆ ಓಣಿಯ ಬುಕ್ಕು ಬರೆಯುತ್ತಾಳೆ. ಅಕ್ಷರ ಬರುತ್ತಿರಲಿಲ್ಲ, ಮಗಳ ಕೈಯಲ್ಲಿ ಬರೆಸುತ್ತಾ ತಾನೂ ಕಲಿತಳು. 22 ಮನೆಯಿಂದ ಒಂದು ಸಂಘವೂ ಆಗಿದೆ, ವಾರಕ್ಕೆ ಹತ್ತು ರೂಪಾಯಿಯದು. ಅವಳೂ ಇಂದು ಈ ಸಭೆಯಲ್ಲಿ ಇದ್ದಾಳೆ. ಹೆಸರು ಹೇಳಬೇಡಿ ಸಿಸ್ಟರ್ ಎಂದಿದ್ದಾಳೆ, ಹೇಳುವುದಿಲ್ಲ.

ಊಟವಾದ ಮೇಲೆ ತಾಲೂಕುವಾರು, ಆಮೇಲೆ ಊರುವಾರು ಕೂಡ್ರೋಣ. ಹಾಳೆ, ಸ್ಕೆಚ್ ಪೆನ್ನು ಹಿಂದಿನ ಬೆಂಚಿನ ಮೇಲೆ ಇವೆ. ನಿಮ್ಮ ನಿಮ್ಮ ಊರು ಬರೆಯಿರಿ. ಗುಡಿ, ಶಾಲೆ, ಪಂಚಾಯತಿ ಆಮೇಲೆ. ಮೊದಲು ಹೊಳೆ ಬರೆಯಿರಿ, ಅದರ ಹತ್ತಿರದ ಮನೆಗಳನ್ನು ಬರೆಯಿರಿ, ತೋಟದ ಮನೆಗಳನ್ನು ಬಿಡಬೇಡಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸ್ 108, ಇವೆರಡನ್ನೂ ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಅಥಣಿ ಕಡೆಯ ಕೊನೆಯ ಬಸ್ಸು ಐದಕ್ಕಿದೆ ಎಂದು ನನಗೆ ಗೊತ್ತು, ನಾಲ್ಕಕ್ಕೇ ಮುಗಿಸೋಣ.